ವಿನ್ಸ್ ಕ್ಲಾರ್ಕ್ ಮಿಡಿ ಬಿಟ್ಟು ಸಿವಿ/ಗೇಟ್‌ಗೆ ಮರಳಿದ್ದೇಕೆ? ಆ ಹೆಣಿಗೆ ಕಟ್ಟುವುದು ಹೇಗೆ?

ಹದಿನಾರನೇ_ಸ್ಟೆಪ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಿಂಥ್‌ಪಾಪ್ ಕೀಬೋರ್ಡ್ ವಾದಕ ವಿನ್ಸ್ ಕ್ಲಾರ್ಕ್ ಅವರ ಬಗ್ಗೆ ಓದುವಾಗ ಮೂರು ವಿಷಯ ಬಗೆಹರಿಯದೆ ಉಳಿದವು.

ಒಂದು, ಡಿಪೆಷ್ ಮೋಡ್‌ನ ಮೊದಲ ಆಲ್ಬಂ ಗೆದ್ದ ಬೆನ್ನಿಗೇ ಅವರು ತಂಡ ಬಿಟ್ಟರು. ಆಮೇಲೆ ಕಟ್ಟಿದ ಯಾಝೂ ಎರಡೇ ಆಲ್ಬಂಗೆ ಮುಗಿಯಿತು. ಇಷ್ಟು ಬೇಗಬೇಗ ತಂಡ ಬದಲಿಸಿದವರು ನಾಲ್ಕು ದಶಕ ಹೇಗೆ ಉಳಿದರು?

ಎರಡು, ಮಿಡಿ (ವಾದ್ಯಗಳಿಗೆ ಸ್ವರದ ಸಂದೇಶ ಕಳಿಸುವ ಡಿಜಿಟಲ್ ಪದ್ಧತಿ) ಬಂದದ್ದು 1983ರಲ್ಲಿ. ಇವರು 1991ರ ಆಲ್ಬಂಗೆ ಅದನ್ನು ಬಿಟ್ಟು ಅದಕ್ಕೂ ಹಿಂದಿನ, ವೋಲ್ಟೇಜ್‌ನಿಂದ ಸ್ವರ ನಡೆಸುವ ಸಿವಿ/ಗೇಟ್ ಯಂತ್ರಗಳಿಗೆ ಹೋದರು. ಹಳೆಯದರ ಮೇಲಿನ ಮೋಹವೋ, ಕಿವಿಗೆ ಕೇಳಿಸುವ ಕಾರಣವಿದೆಯೋ?

ಮೂರು, ಆ ಶೈಲಿಯಲ್ಲಿ, ಒಂಟಿ ಎಳೆಗಳನ್ನು ಹೆಣೆದು, ಒಂದು ಟ್ರ್ಯಾಕ್ ಕಟ್ಟುತ್ತಿದ್ದೇನೆ. ವೇಗ ನಿಮಿಷಕ್ಕೆ 120 ಬೀಟ್. ಬಾಸ್, ಎರಡು ಆರ್ಪೆಜಿಯೋ (ಸ್ವರಗುಚ್ಛವನ್ನು ಬಿಡಿಸಿ ನುಡಿಸುವ ಎಳೆ), ಪ್ಯಾಡ್ (ಹಿನ್ನೆಲೆಯಲ್ಲಿ ಹಿಡಿದು ನಿಲ್ಲುವ ಸ್ವರಗಳು), ಲೀಡ್, ಡ್ರಮ್. ಬಾಸ್ ಮಾತ್ರ ಮಿಡಿ ಮೂಲಕ ಹೊರಗಿನ ಮೋನೋ ಸಿಂಥ್‌ನಿಂದ, ಉಳಿದದ್ದು ಸಾಫ್ಟ್‌ವೇರ್. ಎಲ್ಲವನ್ನೂ ಕ್ವಾಂಟೈಸ್ ಮಾಡಿದರೂ (ತಾಳದ ಗೆರೆಗೆ ಕೂರಿಸಿದರೂ) ಮಸುಕಾಗಿ ಕೇಳುತ್ತದೆ. ಕೆಲವು ಬೀಟ್‌ಗಳಲ್ಲಿ ಕಿಕ್ (ಡ್ರಮ್‌ನ ಮಂದ್ರ ಏಟು) ಮತ್ತು ಬಾಸ್ ಒಟ್ಟಿಗೆ ಬಂದಾಗ ಎರಡರ ದಪ್ಪವೂ ಕರಗಿಹೋಗುತ್ತದೆ, ಮುಂದಿನ ಬೀಟ್‌ನಲ್ಲಿ ಮತ್ತೆ ಸರಿ. ಎಲ್ಲಿ ತಪ್ಪುತ್ತಿದೆ?

ಕಪ್ಪುಬಿಳಿ_ಮಣೆ

ಮೊದಲ ಪ್ರಶ್ನೆ ನನಗಿರಲಿ. ಉಳಿದೆರಡನ್ನು ಎಲೆಕ್ಟ್ರಾನಿಕ್ಸ್ ಬಲ್ಲವರು ಹೇಳಲಿ.

ಅವರ ಹುಟ್ಟುಹೆಸರು ವಿನ್ಸೆಂಟ್ ಜಾನ್ ಮಾರ್ಟಿನ್. ಹುಟ್ಟಿದ್ದು 1960ರ ಜುಲೈ 3ರಂದು, ಬೆಳೆದದ್ದು ಇಂಗ್ಲೆಂಡಿನ ಎಸೆಕ್ಸ್‌ನ ಬ್ಯಾಸಿಲ್ಡನ್ ಪಟ್ಟಣದಲ್ಲಿ. ತಂಡದ ಹೆಸರು ಪತ್ರಿಕೆಗಳಲ್ಲಿ ಬರತೊಡಗಿದಾಗ ಇನ್ನೂ ನಿರುದ್ಯೋಗ ಭತ್ಯೆ ಪಡೆಯುತ್ತಿದ್ದರು, ಅದಕ್ಕೇ ಕ್ಲಾರ್ಕ್ ಎಂಬ ಬೇರೆ ಹೆಸರು. ಮೊದಲು ಕೈಗೆ ಬಂದದ್ದು ಪಿಟೀಲು, ಪಿಯಾನೋ, ಗಿಟಾರ್. ಸಿಂಥ್ ಬಂದದ್ದು ಆಮೇಲೆ. ಇದು ಮುಖ್ಯ, ಯಾಕೆಂದರೆ ಅವರು ಹಾಡು ಕಟ್ಟುವುದೇ ಗಿಟಾರ್ ಇಲ್ಲವೇ ಪಿಯಾನೋ ಮೇಲೆ. ಹಾಡು ಅಲ್ಲಿ ನಿಂತ ಮೇಲಷ್ಟೇ ಯಂತ್ರಗಳಿಗೆ ಕೆಲಸ.

ಡಿಪೆಷ್ ಮೋಡ್‌ನ ಮೊದಲ ಆಲ್ಬಂ 1981ರ ಅಕ್ಟೋಬರ್‌ನಲ್ಲಿ ಮ್ಯೂಟ್ ರೆಕಾರ್ಡ್ಸ್‌ನಿಂದ ಬಂತು, ಬ್ರಿಟನ್ನಿನ ಪಟ್ಟಿಯಲ್ಲಿ 10ನೇ ಸ್ಥಾನಕ್ಕೆ ಏರಿತು. ಅದರ 11 ಹಾಡುಗಳಲ್ಲಿ 9 ಕ್ಲಾರ್ಕ್ ಅವರವು, ಉಳಿದ ಎರಡು ಮಾರ್ಟಿನ್ ಗೋರ್ ಅವರವು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ಅವರು ತಂಡದಿಂದ ಹೊರಬಂದಾಗ ಹಾಡು ಬರೆಯುವ ಕೈ ಜೊತೆಗೇ ಹೊರಬಂತು. ಬರೀ ಕೀಬೋರ್ಡ್ ನುಡಿಸುವವರಾಗಿದ್ದರೆ 1981ರ ಕೊನೆಯಲ್ಲಿ ಬಿಟ್ಟುಬಂದದ್ದು ದುಡುಕು ಎನಿಸುತ್ತಿತ್ತು. ಅವರಿಗೆ ಬೇಕಿದ್ದದ್ದು ಒಂದು ದನಿ ಮಾತ್ರ.

ಆ ದನಿ ಸಿಕ್ಕಿದ್ದು ಮೆಲಡಿ ಮೇಕರ್ ವಾರಪತ್ರಿಕೆಯಲ್ಲಿ. ಬ್ಲೂಸ್ ಹಾಡುವ ಆಲಿಸನ್ ಮೊಯೆ ಅಲ್ಲಿ ಜಾಹೀರಾತು ಕೊಟ್ಟಿದ್ದರು. ಇಬ್ಬರೂ ಸೇರಿದ ಯಾಝೂವಿನ 1982ರ ಆರಂಭದ ಸಿಂಗಲ್ 2ನೇ ಸ್ಥಾನಕ್ಕೆ ಹೋಯಿತು, ಎರಡನೇ ಆಲ್ಬಂ 1983ರಲ್ಲಿ 1ನೇ ಸ್ಥಾನಕ್ಕೆ. ಅದು ಅಂಗಡಿಗೆ ಬರುವ ಹೊತ್ತಿಗೆ ಯಾಝೂ ಒಡೆದಿತ್ತು. ಅದೇ ವರ್ಷ ಎರಿಕ್ ರ‍್ಯಾಡ್‌ಕ್ಲಿಫ್ ಜೊತೆ ದಿ ಅಸೆಂಬ್ಲಿ, ಫರ್ಗಲ್ ಶಾರ್ಕಿ ಹಾಡಿದ ಒಂದೇ ಸಿಂಗಲ್, 4ನೇ ಸ್ಥಾನ. 1985ರಲ್ಲಿ ಮತ್ತೆ ಅದೇ ಪತ್ರಿಕೆ, ಈ ಸಲ ಜಾಹೀರಾತು ಕ್ಲಾರ್ಕ್ ಅವರದು, ಬಂದವರು ಆ್ಯಂಡಿ ಬೆಲ್. ತಂಡ ಇರೇಷರ್. (ಡಿಪೆಷ್ ಮೋಡ್‌ನಲ್ಲಿ ಕ್ಲಾರ್ಕ್ ತೆರವು ಮಾಡಿದ ಜಾಗಕ್ಕೆ ಅಲನ್ ವೈಲ್ಡರ್ ಬಂದದ್ದೂ ಮೆಲಡಿ ಮೇಕರ್‌ನ ಜಾಹೀರಾತಿನಿಂದಲೇ. ಈ ಪತ್ರಿಕೆಯ ಕೊನೆಯ ಪುಟಗಳಿಲ್ಲದೆ ಬ್ರಿಟಿಷ್ ಸಿಂಥ್‌ಪಾಪ್ ಚರಿತ್ರೆ ಬರೆಯಲಾಗದು.)

ಇರೇಷರ್ ಮೊದಲೇ ಗೆಲ್ಲಲಿಲ್ಲ ಎಂಬುದನ್ನು ಗಮನಿಸಿ. 1986ರ ಮೊದಲ ಆಲ್ಬಂ 71ನೇ ಸ್ಥಾನದಲ್ಲಿ ನಿಂತಿತು. ಈ ಸಲ ಅವರು ಜೊತೆ ಬಿಡಲಿಲ್ಲ. ಅದೇ ವರ್ಷದ ಕೊನೆಗೆ ಬಂದ ಸಿಂಗಲ್ 2ನೇ ಸ್ಥಾನ ಮುಟ್ಟಿತು. 1988ರಿಂದ 1994ರವರೆಗೆ, ಒಂದು ಸಂಗ್ರಹವೂ ಸೇರಿ, ಸಾಲಾಗಿ ಐದು ಆಲ್ಬಂ 1ನೇ ಸ್ಥಾನಕ್ಕೆ ಹೋದವು. ಹಾಗಾಗಿ 'ತಂಡದಿಂದ ತಂಡಕ್ಕೆ ಹೋದವರು' ಎಂಬುದು 1981ರಿಂದ 85ರವರೆಗಿನ ನಾಲ್ಕು ವರ್ಷಕ್ಕೆ ಮಾತ್ರ ಸಲ್ಲುವ ಮಾತು. ಆಮೇಲಿನದೆಲ್ಲ ಒಂದೇ ಜೊತೆಗಾರನ ಕಥೆ.

ವೋಲ್ಟ್_ಪ್ರತಿ_ಆಕ್ಟೇವ್

ಎರಡನೆಯದು ಮೋಹದ ವಿಷಯವಲ್ಲ. ಲೆಕ್ಕ ಹಾಕಿ ನೋಡಬಹುದು.

ಮಿಡಿ ಕೇಬಲ್‌ನಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಒಂದು ಬೈಟ್‌ಗೆ ಹಿಂದೆ ಮುಂದೆ ಸೇರಿ 10 ಬಿಟ್, ಅಂದರೆ 0.32 ಮಿಲಿಸೆಕೆಂಡ್. ಒಂದು ಸ್ವರ ಶುರು ಮಾಡಲು 3 ಬೈಟ್, ಹತ್ತಿರಹತ್ತಿರ 1 ಮಿಲಿಸೆಕೆಂಡ್. ಎಲ್ಲ ಸ್ವರಗಳೂ ಒಂದರ ಹಿಂದೆ ಒಂದು ಸಾಲಿನಲ್ಲೇ ಹೋಗಬೇಕು. ಬೀಟ್‌ನ ಮೊದಲ ಏಟಿಗೆ ಕಿಕ್, ಬಾಸ್, ನಾಲ್ಕು ಸ್ವರದ ಪ್ಯಾಡ್, ಎರಡು ಆರ್ಪೆಜಿಯೋ ಎಲ್ಲ ಒಟ್ಟಿಗೆ ಬಂದರೆ ಕೊನೆಯ ಸ್ವರ ಹೊರಡುವಾಗ 7ರಿಂದ 8 ಮಿಲಿಸೆಕೆಂಡ್ ತಡವಾಗಿರುತ್ತದೆ. ಅದರ ಮೇಲೆ ಆ ಕಾಲದ ಸಿಂಥ್‌ನೊಳಗಿನ ಪ್ರೊಸೆಸರ್ ಸಂದೇಶ ಓದಿ ಸ್ವರ ಹೊರಡಿಸುವ ತಡ ಬೇರೆ. ಅದು ಪ್ರತಿ ಸಲ ಒಂದೇ ಇರದು, ತೊಂದರೆ ಇರುವುದೇ ಇಲ್ಲಿ. ತಡ ಸದಾ ಒಂದೇ ಆಗಿದ್ದರೆ ಟ್ರ್ಯಾಕನ್ನು ಅಷ್ಟು ಮುಂದಕ್ಕೆ ಸರಿಸಿ ಮುಗಿಸಬಹುದಿತ್ತು. ಬೀಟ್‌ಗೊಮ್ಮೆ ಬದಲಾಗುವುದನ್ನು ಸರಿಸಲಾಗದು.

ಹದಿನಾರನೇ ಭಾಗದ ಸ್ವರಕ್ಕೆ 120ರ ವೇಗದಲ್ಲಿ 125 ಮಿಲಿಸೆಕೆಂಡ್ ಸಿಗುವಾಗ 3-4 ಮಿಲಿಸೆಕೆಂಡ್ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳುವವರಿದ್ದಾರೆ. ತಾಳ ತಪ್ಪಿದಂತೆ ಕೇಳಿಸದು, ನಿಜ. ನಾದವೇ ಬದಲಾಗುತ್ತದೆ. ಒಂದೇ ಬಗೆಯ ಎರಡು ಧ್ವನಿ 1 ಮಿಲಿಸೆಕೆಂಡ್ ಅಂತರದಲ್ಲಿ ಬಂದರೆ 500 ಹರ್ಟ್ಸ್ ಹತ್ತಿರ ಒಂದನ್ನೊಂದು ಅಳಿಸುತ್ತವೆ. ಅಂತರ 5 ಮಿಲಿಸೆಕೆಂಡ್ ಆದರೆ ಆ ಗುಂಡಿ 100 ಹರ್ಟ್ಸ್‌ಗೆ ಇಳಿಯುತ್ತದೆ. ಕಿಕ್ ಮತ್ತು ಬಾಸ್‌ನ ಜೀವ ಇರುವುದೇ ಅಲ್ಲಿ. ನಿಮ್ಮ ಟ್ರ್ಯಾಕ್‌ನಲ್ಲಿ ಒಂದು ಬೀಟ್ ಕರಗಿ ಇನ್ನೊಂದು ಸರಿಯಾಗುವುದಕ್ಕೆ ಇದೇ ಕಾರಣ. ಒಳಗಿನ ಕಿಕ್ ಗಡಿಯಾರದಂತೆ ಬರುತ್ತಿದೆ, ಹೊರಗಿನ ಬಾಸ್ ಅತ್ತಿತ್ತ ಸರಿಯುತ್ತಿದೆ.

ಈಗ ಸಿವಿ/ಗೇಟ್ ನೋಡಿ. ಎತ್ತರಕ್ಕೆ ಒಂದು ತಂತಿ, ಸ್ವರದ ಆರಂಭ ಮತ್ತು ಉದ್ದಕ್ಕೆ ಇನ್ನೊಂದು. ವೋಲ್ಟೇಜ್ ಏರಿದ ಕ್ಷಣವೇ ಎನ್ವಲಪ್ (ಸ್ವರದ ಏರಿಳಿತ ನಡೆಸುವ ಭಾಗ) ಎದ್ದೇಳುತ್ತದೆ, ಸಾಲಿನಲ್ಲಿ ಕಾಯುವ ಪ್ರಶ್ನೆಯಿಲ್ಲ. ರೋಲ್ಯಾಂಡ್ ಎಂಸಿ-4 ಮೈಕ್ರೋಕಂಪೋಸರ್ ಎಂಬ ಸೀಕ್ವೆನ್ಸರ್‌ನಲ್ಲಿ (ಸ್ವರಗಳ ಸಾಲನ್ನು ನೆನಪಿಟ್ಟು ನುಡಿಸುವ ಯಂತ್ರ) ಇಂಥ ನಾಲ್ಕು ಚಾನೆಲ್‌ಗಳಿವೆ. ಪ್ರತಿ ಸ್ವರಕ್ಕೂ ಎತ್ತರ, ಸ್ಟೆಪ್‌ನ ಉದ್ದ, ಗೇಟ್‌ನ ಉದ್ದ ಎಂದು ಮೂರು ಸಂಖ್ಯೆ ಒತ್ತಬೇಕು. ಎತ್ತರದ ಸಂಖ್ಯೆ 1 ಹೆಚ್ಚಿದರೆ ಒಂದು ಸೆಮಿಟೋನ್, 12 ಹೆಚ್ಚಿದರೆ ಒಂದು ಆಕ್ಟೇವ್. ಕೆಲಸ ನಿಧಾನ, ಬೇಸರದ್ದೇ. ಆದರೆ ಗೇಟ್ ಉದ್ದವನ್ನು ಸ್ವರಸ್ವರಕ್ಕೂ ಯೋಚಿಸಿ ಕೊಡಲೇಬೇಕಾಗುತ್ತದೆ, ಆ ಸಂಗೀತದ ಚುರುಕು ಅರ್ಧದಷ್ಟು ಬರುವುದು ಅಲ್ಲಿಂದಲೇ.

ಇನ್ನೊಂದು ಫಲವೂ ಇದೆ. ಒಂದು ಚಾನೆಲ್ ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುತ್ತದೆ. ಇರೇಷರ್‌ನ 1991ರ 'ಕೋರಸ್' ಆಲ್ಬಂನಲ್ಲಿ ಕೈಯಿಂದ ಒತ್ತಿದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಕೇಳಿಸದಿರುವುದು ಇದರಿಂದ. ಬೇರೆಬೇರೆ ಎಳೆಗಳು ಸೇರಿದಾಗ ಕಿವಿಯೇ ಕಾರ್ಡ್ ಕಟ್ಟಿಕೊಳ್ಳುತ್ತದೆ.

ಮಂದ್ರ_ಸಪ್ತಕ

ಮೂರನೆಯದಕ್ಕೆ ಬರೋಣ. ನಿಮ್ಮಲ್ಲಿರುವ ಸಾಮಾನಿನಲ್ಲೇ ಮಾಡಬಹುದು, ಎಂಸಿ-4 ಬೇಡ.

ಮೊದಲು ಪ್ಯಾಡ್ ಅಳಿಸಿ. ನಾಲ್ಕು ಸ್ವರ ಹಿಡಿದು ನಿಂತ ಪ್ಯಾಡ್ ಇದ್ದರೆ ಉಳಿದ ಎಳೆಗಳ ನಡುವಿನ ಖಾಲಿ ಜಾಗವೆಲ್ಲ ತುಂಬಿಹೋಗುತ್ತದೆ, ಹೆಣಿಗೆ ಕಾಣುವುದೇ ಇಲ್ಲ. ಆ ಕಾರ್ಡನ್ನು ಬಿಡಿಸಿ ಹಂಚಿ: ಮೂಲ ಸ್ವರ ಬಾಸ್‌ಗೆ, ಮೂರನೆಯದು ಒಂದು ಆರ್ಪೆಜಿಯೋಗೆ, ಐದನೆಯದು ಇನ್ನೊಂದಕ್ಕೆ. ಎ ಮೈನರ್ ಆದರೆ ಬಾಸ್‌ನಲ್ಲಿ ಎ, ಒಂದರಲ್ಲಿ ಸಿ, ಇನ್ನೊಂದರಲ್ಲಿ ಇ ಮೇಲುಗೈ. ಅಲ್ಲಿಂದ ಅಕ್ಕಪಕ್ಕದ ಸ್ವರಗಳಿಗೆ ಹೋಗಿಬರಲಿ.

ಒಂದು ಬಾರ್‌ಗೆ 16 ಸ್ಟೆಪ್ ಇಟ್ಟುಕೊಳ್ಳಿ. ಕಿಕ್ 1, 5, 9, 13. ಬಾಸ್ 1, 3, 5, 7, 9, 11, 13, 15, ಒಂದು ಬಿಟ್ಟು ಒಂದು ಆಕ್ಟೇವ್ ಮೇಲೆ. ಮೊದಲ ಆರ್ಪೆಜಿಯೋ 2, 4, 7, 10, 12, 15. ಎರಡನೆಯದು 1, 4, 6, 8, 11, 14. ಇವೇ ಅಂಕಿಗಳು ಇರಬೇಕೆಂದಿಲ್ಲ. ಒಂದೇ ಸ್ಟೆಪ್‌ನಲ್ಲಿ ಮೂರಕ್ಕಿಂತ ಹೆಚ್ಚು ಧ್ವನಿ ಶುರುವಾಗದಂತೆ ನೋಡಿಕೊಂಡರೆ ಸಾಕು. ಹೊಸಬರು ಎಲ್ಲ ಆರ್ಪೆಜಿಯೋಗಳನ್ನೂ 16 ಸ್ಟೆಪ್‌ಗಳಲ್ಲಿ ತುಂಬಿಬಿಡುತ್ತಾರೆ, ಆಗ ಹೆಣಿಗೆ ಹೋಗಿ ಗೋಡೆಯಾಗುತ್ತದೆ.

ಗೇಟ್ ಉದ್ದ: 125 ಮಿಲಿಸೆಕೆಂಡ್‌ನ ಸ್ಟೆಪ್‌ಗೆ ಬಾಸ್ 60ರಿಂದ 75, ಆರ್ಪೆಜಿಯೋಗಳು 30ರಿಂದ 40. ಎನ್ವಲಪ್‌ನ ರಿಲೀಸ್ (ಗೇಟ್ ಮುಗಿದ ಮೇಲೆ ಸದ್ದು ಇಳಿಯುವ ಹೊತ್ತು) 30ಕ್ಕಿಂತ ಹೆಚ್ಚಿದ್ದರೆ ಗೇಟ್ ಕಡಿಮೆ ಮಾಡಿದ್ದು ವ್ಯರ್ಥ, ಬಾಲ ಮುಂದಿನ ಸ್ವರದ ಮೇಲೆ ಬೀಳುತ್ತದೆ. 'ಗೇಟ್ ತಗ್ಗಿಸಿದೆ, ಏನೂ ಬದಲಾಗಲಿಲ್ಲ' ಎಂಬ ದೂರು ಬಂದಾಗಲೆಲ್ಲ ರಿಲೀಸ್ ನೋಡಿ.

ಬಾಸ್ ಧ್ವನಿಗೆ ಎರಡು ಆಸಿಲೇಟರ್: ಒಂದು ಸಾ-ಟೂತ್, ಇನ್ನೊಂದು ಪಲ್ಸ್, ನಡುವೆ 4-6 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ) ವ್ಯತ್ಯಾಸ. ಆಕ್ಟೇವ್‌ಗೆ 24 ಡೆಸಿಬಲ್ ಇಳಿಸುವ ಲೋ-ಪಾಸ್ ಫಿಲ್ಟರ್, ಕಟ್‌ಆಫ್ 200-300 ಹರ್ಟ್ಸ್, ಎನ್ವಲಪ್ ಅದನ್ನು ಮೂರು ಆಕ್ಟೇವ್‌ನಷ್ಟು ಎತ್ತಲಿ. ಡಿಕೇ 180-250 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆ. ಯಾಝೂ ಕಾಲದ ಸೀಕ್ವೆನ್ಷಿಯಲ್ ಪ್ರೊ-ಒನ್ ಇಂಥದ್ದೇ ಯಂತ್ರ: ಎರಡು ಆಸಿಲೇಟರ್, ಒಂದೇ ದನಿ. ಸಸ್ಟೇನ್ ಸೊನ್ನೆಯಾಗಿರುವುದರಿಂದ ಪ್ರತಿ ಸ್ವರವೂ ಮೀಟಿ ಬಿಟ್ಟ ಹಾಗೆ ಕೇಳುತ್ತದೆ.

ಪ್ರೊ-ಒನ್‌ಗೂ ಇನ್ನೊಂದು ಹಳೆಯ ಸಿಂಥ್ ಎಆರ್‌ಪಿ 2600ಕ್ಕೂ ಬೆರಳಿನ ಒತ್ತಡ ತಿಳಿಯದು. ಆದ್ದರಿಂದ ವೆಲಾಸಿಟಿಯನ್ನೆಲ್ಲ 100ಕ್ಕೆ ಸಮ ಮಾಡಿ, ಫಿಲ್ಟರಿಗೆ ಹೋಗುವ ವೆಲಾಸಿಟಿ ಕೊಂಡಿ ಕಳಚಿ. ಒತ್ತು ಬೇಕಾದ ಸ್ವರದ ಗೇಟ್ ಉದ್ದ ಮಾಡಿ ಅಥವಾ ಆಕ್ಟೇವ್ ಎತ್ತಿ. ಈಗಿನ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು ಆ ಕಾಲದಂತೆ ಕೇಳದಿರಲು ವೆಲಾಸಿಟಿಯೇ ಮೊದಲ ಕಾರಣ, ಫಿಲ್ಟರಿನ ಗುಣ ಆಮೇಲಿನದು.

ಡ್ರಮ್ ಕೂಡ ಸಿಂಥ್‌ನಿಂದಲೇ ಮಾಡಿ ನೋಡಿ. ಕಿಕ್‌ಗೆ ಸೈನ್ ಅಲೆ, 200 ಹರ್ಟ್ಸ್‌ನಿಂದ 50ಕ್ಕೆ 50 ಮಿಲಿಸೆಕೆಂಡ್‌ನಲ್ಲಿ ಇಳಿಯಲಿ. ಸ್ನೇರ್‌ಗೆ ಬಿಳಿ ನಾಯ್ಸ್ ಜೊತೆ 180 ಹರ್ಟ್ಸ್‌ನ ತ್ರಿಕೋನ ಅಲೆ. ಹೈ-ಹ್ಯಾಟ್‌ಗೆ 7 ಕಿಲೋಹರ್ಟ್ಸ್ ಕೆಳಗಿನದನ್ನು ಕಡಿದ ನಾಯ್ಸ್, ಡಿಕೇ 40 ಮಿಲಿಸೆಕೆಂಡ್.

ಮಿಕ್ಸ್‌ನಲ್ಲಿ ಬಾಸ್ ಮತ್ತು ಕಿಕ್ ಬಿಟ್ಟು ಉಳಿದೆಲ್ಲ ಎಳೆಗಳಿಗೆ 150-200 ಹರ್ಟ್ಸ್‌ನಲ್ಲಿ ಹೈ-ಪಾಸ್. ಆರ್ಪೆಜಿಯೋಗಳು ಎಡಬಲಕ್ಕೆ ಅರ್ಧದಷ್ಟು. ರಿವರ್ಬ್ ಲೀಡ್‌ಗೆ ಮಾತ್ರ.

ಕೊನೆಗೆ, ಹೊರಗಿನ ಬಾಸನ್ನು ನೇರ ಕೇಳುತ್ತಾ ಮಿಕ್ಸ್ ಮಾಡಬೇಡಿ. ಅದನ್ನು ಒಂಟಿಯಾಗಿ, ಬೇರೆ ಮಿಡಿ ಯಾವುದೂ ಓಡದಿರುವಾಗ ಆಡಿಯೋ ಆಗಿ ರೆಕಾರ್ಡ್ ಮಾಡಿ. ಆಮೇಲೆ ಪ್ರತಿ ಸ್ವರದ ಆರಂಭವನ್ನು ಸ್ಟೆಪ್‌ನ ಗೆರೆಗೆ ತಂದು ಕೂರಿಸಿ. ನಾಲ್ಕು ಬಾರ್‌ನ ತುಣುಕಾದರೆ 32 ಸ್ವರ, ಅರ್ಧ ಗಂಟೆಯ ಕೆಲಸ.

ಕಪ್ಪುಬಿಳಿ_ಮಣೆ

ಮೇಲಿನ ಎರಡೂ ಉತ್ತರ ಓದಿದವರು 'ಕ್ಲಾರ್ಕ್ ಎಂದರೆ ಸದಾ ಸಿವಿ/ಗೇಟ್' ಎಂದುಕೊಳ್ಳಬಾರದು. 1981ರ ಆಲ್ಬಂ ರೆಕಾರ್ಡ್ ಆದದ್ದು ಆಗ್ನೇಯ ಲಂಡನ್ನಿನ ಹಳೆಯ ಚರ್ಚ್ ಒಂದರಲ್ಲಿದ್ದ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ. ಅಲ್ಲಿ ಬಳಸಿದ ಎಆರ್‌ಪಿ 2600 ಮತ್ತು ಅದರ ಸೀಕ್ವೆನ್ಸರ್ ಮ್ಯೂಟ್‌ನ ಡೇನಿಯಲ್ ಮಿಲ್ಲರ್ ಅವರವು. ಆ ಸೀಕ್ವೆನ್ಸರ್‌ಗೆ ಇರುವುದೇ 16 ಸ್ಟೆಪ್, ಎತ್ತರವನ್ನು ಸ್ಲೈಡರ್‌ನಿಂದ ಕಿವಿಗೊಟ್ಟು ಕೂರಿಸಬೇಕು. ಇರೇಷರ್‌ನ ಎಂಬತ್ತರ ದಶಕದ ಕೆಲಸದಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಮೇಲೆ ಓಡುವ ಯುಎಂಐ ಸೀಕ್ವೆನ್ಸರ್ ಇತ್ತು, ಅದು ಮಿಡಿ. ಅಂದರೆ ಅವರು ಮಿಡಿಯನ್ನು ವರ್ಷಗಟ್ಟಲೆ ಬಳಸಿ, ಅದರ ದೋಷ ಕಿವಿಯಾರೆ ತಿಳಿದ ಮೇಲೆ ಬಿಟ್ಟವರು.

ಗಡಿ ಹಾಕಿಕೊಂಡು ದುಡಿಯುವ ಆ ಅಭ್ಯಾಸ ಕೊನೆಗೂ ಹೋಗಲಿಲ್ಲ. 2012ರಲ್ಲಿ ಮಾರ್ಟಿನ್ ಗೋರ್ ಜೊತೆ ಟೆಕ್ನೋ ಆಲ್ಬಂ ಮಾಡಿದರು. 2023ರ ನವೆಂಬರ್‌ನಲ್ಲಿ ಮೊದಲ ಏಕವ್ಯಕ್ತಿ ಆಲ್ಬಂ ಬಂತು. ಅದಕ್ಕೆ ಅವರೇ ಎರಡು ನಿಯಮ ಹಾಕಿಕೊಂಡಿದ್ದರು: ಧ್ವನಿಗಳು ಯೂರೋರ‍್ಯಾಕ್ ಮಾಡ್ಯುಲರ್‌ನಿಂದ (ಬಿಡಿ ಘಟಕ ಜೋಡಿಸಿ ಕಟ್ಟುವ ಸಿಂಥ್) ಮಾತ್ರ, ಪ್ರತಿ ರಚನೆಯೂ ಒಂದೇ ಆಧಾರಸ್ವರದ ಮೇಲೆ. ಶ್ರುತಿ ಹಿಡಿದು ಹಾಡುವುದನ್ನು ಕೇಳಿ ಬೆಳೆದವರಿಗೆ ಎರಡನೆಯ ನಿಯಮ ಹೊಸದೆನಿಸದು, ಆದರೆ ನಾಲ್ಕು ಕಾರ್ಡ್‌ನ ಪಾಪ್ ಹಾಡಿನಲ್ಲಿ ಹೆಸರು ಮಾಡಿದವರು 63ನೇ ವಯಸ್ಸಿನಲ್ಲಿ ಅಲ್ಲಿಗೆ ಬಂದದ್ದು ದೊಡ್ಡ ತಿರುವು.

ಹದಿನಾರನೇ_ಸ್ಟೆಪ್

ಎಲ್ಲರಿಗೂ ತುಂಬ ಧನ್ಯವಾದ. ಪ್ಯಾಡ್ ತೆಗೆದು ರಿಲೀಸ್ ತಗ್ಗಿಸಿದ ಕೂಡಲೇ ಅರ್ಧ ಮಸುಕು ಹೋಯಿತು. ಬಾಸನ್ನು ಮಿಡಿ ಬಿಟ್ಟು ಸಿವಿಯಲ್ಲೇ ನುಡಿಸೋಣವೆಂದು ಕನ್ವರ್ಟರ್ ಒಂದನ್ನು ನಡುವೆ ಇಟ್ಟೆ. ಒಂದೇ ಸಿವಿಯನ್ನು ವೈ ಕೇಬಲ್‌ನಿಂದ ಮೂರು ಮೋನೋ ಸಿಂಥ್‌ಗಳಿಗೆ ಹಂಚಿದ್ದೇನೆ. ಕೆಳಗಿನ ಸ್ವರಗಳು ಸರಿ. ಮೇಲಕ್ಕೆ ಹೋದಂತೆ ಮೂರೂ ಇಳಿಯುತ್ತವೆ, ಮೂರನೇ ಆಕ್ಟೇವ್‌ನಲ್ಲಿ ಒಂದು ಸೆಮಿಟೋನ್‌ನಷ್ಟು ಕಡಿಮೆ. ಜೊತೆಗೆ ಪ್ರತಿ ಸ್ವರದ ಆರಂಭದಲ್ಲಿ 'ಟಿಕ್' ಎಂಬ ಸದ್ದು.

ವೋಲ್ಟ್_ಪ್ರತಿ_ಆಕ್ಟೇವ್

ವೈ ಕೇಬಲ್‌ನದೇ ತಪ್ಪು. ಆಕ್ಟೇವ್‌ಗೆ 1 ವೋಲ್ಟ್ ಎಂದರೆ ಸೆಮಿಟೋನ್‌ಗೆ 83.3 ಮಿಲಿವೋಲ್ಟ್. ಕನ್ವರ್ಟರ್‌ನ ಔಟ್‌ಪುಟ್‌ನಲ್ಲಿ 1 ಕಿಲೋ ಓಮ್, ಪ್ರತಿ ಸಿಂಥ್‌ನ ಇನ್‌ಪುಟ್‌ನಲ್ಲಿ 100 ಕಿಲೋ ಓಮ್ ಇದೆ ಎಂದಿಟ್ಟುಕೊಳ್ಳಿ, ಇವು ಸಾಮಾನ್ಯವಾಗಿ ಕಾಣುವ ಬೆಲೆಗಳು. ಒಂದೇ ಸಿಂಥ್ ಇದ್ದರೆ 3 ವೋಲ್ಟ್‌ನಲ್ಲಿ ಸುಮಾರು 30 ಮಿಲಿವೋಲ್ಟ್ ಸೋರುತ್ತದೆ, 36 ಸೆಂಟ್. ಮೂರು ಸಿಂಥ್ ಸಮಾನಾಂತರವಾದಾಗ ಇನ್‌ಪುಟ್ ಒಟ್ಟು 33 ಕಿಲೋ ಓಮ್‌ಗೆ ಇಳಿದು ಸೋರಿಕೆ 87 ಮಿಲಿವೋಲ್ಟ್ ಆಗುತ್ತದೆ, ಒಂದು ಸೆಮಿಟೋನ್‌ಗಿಂತ ಕೊಂಚ ಹೆಚ್ಚು. ನೀವು ಹೇಳಿದ ಅಂಕಿಯೇ. 0 ವೋಲ್ಟ್‌ನಲ್ಲಿ ಸೋರಲು ಏನೂ ಇಲ್ಲ, ಅದಕ್ಕೇ ಕೆಳಗೆ ಸರಿಯಿದೆ.

ಟ್ಯೂನ್ ಗುಂಡಿ ತಿರುಗಿಸಿ ಸರಿಮಾಡಲು ಹೋಗಬೇಡಿ, ಮೇಲೆ ಸರಿಯಾದರೆ ಕೆಳಗೆ ಏರುತ್ತದೆ. ಬಫರ್ ಇರುವ ಮಲ್ಟಿಪಲ್ ಹಾಕಿ, ಪ್ರತಿ ಸಿಂಥ್‌ಗೂ ಬೇರೆ ಔಟ್‌ಪುಟ್ ಸಿಗಲಿ. ಗೇಟ್‌ಗೆ ವೈ ಕೇಬಲ್ ನಡೆಯುತ್ತದೆ, ಅಲ್ಲಿ ನಿಖರ ವೋಲ್ಟೇಜ್ ಬೇಕಿಲ್ಲ. ಸಿಂಥ್‌ಗಳನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು 110 ಹರ್ಟ್ಸ್‌ನ ಎ ಮತ್ತು 440ರ ಎ ಎರಡನ್ನೂ ಟ್ಯೂನರ್‌ನಲ್ಲಿ ನೋಡಿ. ಬಫರ್ ಹಾಕಿದ ಮೇಲೂ ಎರಡರಲ್ಲಿ ಒಂದು ತಪ್ಪುತ್ತಿದ್ದರೆ ಒಳಗಿನ ಸ್ಕೇಲ್ ಟ್ರಿಮ್ ನೋಡಬೇಕು. ಮೂರರಲ್ಲಿ ಯಾವುದಾದರೂ ಹಳೆಯ ಕೊರ್ಗ್ ಎಂಎಸ್ ಸರಣಿಯದಾದರೆ ಈ ಸಿವಿ ಅದಕ್ಕೆ ಹೊಂದುವುದೇ ಇಲ್ಲ. ಅದು ವೋಲ್ಟ್‌ಗೆ ಇಷ್ಟು ಹರ್ಟ್ಸ್ ಎಂಬ ಲೆಕ್ಕದ್ದು, ಅದರ ಟ್ರಿಗರ್ ಕೂಡ ತಿರುವುಮುರುವು: ತಂತಿ ನೆಲಕ್ಕೆ ಮುಟ್ಟಿದಾಗ ಸ್ವರ ಶುರು.

ಮುಂದೆ ಕನ್ವರ್ಟರ್ ಬಿಟ್ಟು ಆಡಿಯೋ ಇಂಟರ್‌ಫೇಸ್‌ನಿಂದಲೇ ಸಿವಿ ಕಳಿಸುವ ಆಲೋಚನೆಯಿದ್ದರೆ ಅದರ ಔಟ್‌ಪುಟ್ ಡಿಸಿ ಹಾಯಿಸುತ್ತದೆಯೇ ಎಂದು ಮೊದಲು ನೋಡಿ. ದಾರಿಯಲ್ಲಿ ಕೆಪಾಸಿಟರ್ ಇದ್ದರೆ ಸ್ವರ ಸರಿಯಾಗಿ ಶುರುವಾಗಿ ಜಾರುತ್ತಾ ಹೋಗುತ್ತದೆ.

ಮಂದ್ರ_ಸಪ್ತಕ

'ಟಿಕ್' ಬರುವುದು ಆ್ಯಂಪ್ ಎನ್ವಲಪ್‌ನ ಅಟ್ಯಾಕ್ ಸೊನ್ನೆ ಇದ್ದಾಗ, ಅಲೆ ಸೊನ್ನೆಯ ಗೆರೆಯಲ್ಲಿ ಇಲ್ಲದಿರುವಾಗಲೇ ಬಾಗಿಲು ತೆರೆಯುವುದರಿಂದ. ಅಟ್ಯಾಕ್ 1.5-2 ಮಿಲಿಸೆಕೆಂಡ್‌ಗೆ ಏರಿಸಿದರೆ ಹೋಗುತ್ತದೆ. ಮೂರು ಸಿಂಥ್‌ನಲ್ಲಿ ಎರಡಕ್ಕೆ ಹಾಗೆ ಮಾಡಿ, ಒಂದನ್ನು ಸೊನ್ನೆಯಲ್ಲೇ ಬಿಟ್ಟು 6 ಡೆಸಿಬಲ್ ತಗ್ಗಿಸಿ ಸೇರಿಸಿ ನೋಡಿ. ಅಷ್ಟು ಟಿಕ್ ಇದ್ದರೆ ಸಣ್ಣ ಸ್ಪೀಕರ್‌ನಲ್ಲೂ ಬಾಸ್‌ನ ಸ್ವರ ಎಲ್ಲಿ ಬಿತ್ತು ಎಂದು ತಿಳಿಯುತ್ತದೆ. ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ ಮಾತ್ರ ಮೂರರಲ್ಲೂ ಸೊನ್ನೆಯೇ ಇರಲಿ. ಅದನ್ನು ಏರಿಸಿದರೆ ಟಿಕ್ ಜೊತೆ ಬಾಸ್‌ನ ಮೊನೆಯೂ ಹೋಗುತ್ತದೆ.